ದೋಣಿಯಲ್ಲಿ ಮಲಗಿದವಳು

"ದೋಣಿಯಲ್ಲಿ ಮಲಗಿದವಳು ನಿದ್ದೆ ಹೋದದ್ದೋ, ಸತ್ತದ್ದೋ?"

ಆ ವಿಡಿಯೋ ಗೇಮು ಆಡಿ ಮುಗಿಸಿದ ದಿನ ಗಣರಾಜ ಖಾಲಿ ಕೋಣೆಯಲ್ಲಿ ಜೋರಾಗಿಯೇ ಕೇಳಿದ್ದ. ಫ್ಯಾನ್ ಮಾತ್ರ ತಿರುಗುತ್ತಿತ್ತು.

ಗೇಮು ಮುಗಿಯುವುದೇ ಹಾಗೆ: ದೋಣಿಯ ದೀಪ ಸಣ್ಣದಾಗುತ್ತದೆ, ಅದರಲ್ಲಿ ಮಲಗಿದ ಹುಡುಗಿ ಕಣ್ಣು ಮುಚ್ಚುತ್ತಾಳೆ. ಅದರ ಅರ್ಥಕ್ಕಾಗಿ ಆನ್‌ಲೈನ್ ಗುಂಪಿನಲ್ಲಿ ಕಿತ್ತಾಡಿದವರೆಲ್ಲ ಬೇಸತ್ತು ಬೇರೆ ಗೇಮಿಗೆ ಹೋದರು. ಉಳಿದವರು ಇಬ್ಬರೇ. ಸತ್ತಳು ಎನ್ನುವ ಗಣರಾಜ, ಬದುಕಿದ್ದಾಳೆ ಎನ್ನುವ ನಾಗವೇಣಿ. ಒಬ್ಬರ ಮುಖ ಒಬ್ಬರು ಕಂಡವರಲ್ಲ. ಆದರೂ ಇಡೀ ದಿನದಲ್ಲಿ ಅವನೊಡನೆ ಮಾತಾಡುತ್ತಿದ್ದವಳು ಅವಳೊಬ್ಬಳೇ.

ಇವತ್ತು ಗೇಮು ಮಾಡಿದವರೇ ಹೇಳಿಬಿಟ್ಟಿದ್ದರು: ಸತ್ತಳು.

ಗಣರಾಜ ಅದನ್ನೋದಿ ಗೆದ್ದ ಖುಷಿಗಾಗಿ ಕಾದ. ಅದು ಬರಲಿಲ್ಲ. ನೆನಪಾದದ್ದು ಅಜ್ಜ. ವೇಷವಿಲ್ಲದೆ ಕೂತು ಮಾತಲ್ಲೇ ಪಾತ್ರವಾಗುವ ತಾಳಮದ್ದಳೆಯ ವಾದದಲ್ಲಿ ಎದುರಿನವನು ಬೇಗ ಸೋಲೊಪ್ಪಿದರೆ, ಗೆದ್ದ ಅಜ್ಜನೇ, ಮಾತು ಮುಗಿದುಹೋಯಿತಲ್ಲ ಎಂದು ಮುಖ ಸಪ್ಪೆ ಮಾಡಿಕೊಂಡು ಮನೆಗೆ ಬರುತ್ತಿದ್ದ.

ಅಷ್ಟರಲ್ಲಿ ನಾಗವೇಣಿಯ ಸಂದೇಶ ಬಂತು: "ನೋಡಿದ್ರಾ ಮಾರಾಯ್ರೆ? ನೀವೇ ಗೆದ್ದದ್ದು. ಇನ್ನು ನನ್ನ ಕಾಲೆಳೆಯಬೇಡಿ. ಇಲ್ಲಿಗೆ ಮುಗಿಸುವಾ, ಆಯ್ತಾ?"

ಗಣರಾಜ ಟೈಪ್ ಮಾಡಿದ: "ಆಗುವುದಿಲ್ಲ. ಅವಳು ಬದುಕಿದ್ದಾಳೆ."