ಅಡುಗೆಕೋಣೆಯ ಶಾರ್ಕ್

ಕಡಲು ಮನೆಯೊಳಗೆ ಬಂದ ಮೇಲೆ ಗಂಗೊಳ್ಳಿಯವರೆಲ್ಲ ಮಾಳಿಗೆ ಹತ್ತಿದ್ದರು. ನೀರು ತುಂಬಿದ ಕೆಳಮನೆಗಳಲ್ಲಿ, ಅಳಿದುಹೋಗುತ್ತಿರುವ ಶಾರ್ಕ್‌ಗಳ ಮರಿಗಳನ್ನು ಸಾಕುತ್ತಿದ್ದರು. ನೆರೆಮನೆಗಳ ಸುತ್ತಿಗೆತಲೆ ಮರಿಗಳು ಗುಂಪು ಕಟ್ಟಿಕೊಂಡು ಓಣಿ ತುಂಬ ಈಜುತ್ತಿದ್ದರೆ, ಮೂಕಾಂಬುವಿನ ಮರಿ ಮಾತ್ರ ಅಡುಗೆಕೋಣೆ ಬಿಟ್ಟು ಕದಲುತ್ತಿರಲಿಲ್ಲ. ಮಗಳನ್ನು ಗದರುವಂತೆಯೇ, "ಹೋಯಿ ನಾಕ್ ಜನರೊಟ್ಟಿಗೆ ಸೇರ್" ಎಂದು ಅದನ್ನೂ ಗದರಿ ನೋಡಿದ್ದಳು. ಹೀಗೆ ಮಂಕಾದ ಮರಿ ಉಳಿಯುವುದಿಲ್ಲವೆಂದು ಓಣಿಯವರು ಹೇಳಿದ ಮೇಲಂತೂ ಅವಳಿಗೆ ಅನ್ನವೇ ಸೇರುತ್ತಿರಲಿಲ್ಲ.

ಇವತ್ತು ದೋಣಿಯಲ್ಲಿ ಬಂದ ಮೀನಿನ ಡಾಕ್ಟರು ಮೆಟ್ಟಿಲ ಮೇಲೆ ಕೂತು, ಬಂಗುಡೆಯ ತುಂಡು ತೋರಿಸಿ ಮರಿಯನ್ನು ಹತ್ತಿರ ಕರೆದರು.

"ಕಾಯಿಲೆ ಎಂತದೂ ಇಲ್ಲ ಮೂಕಾಂಬಕ್ಕ. ಬೆನ್ನಿನ ರೆಕ್ಕೆ ಕಾಣಿ, ಕತ್ತಿ ಹಾಂಗೆ ಎತ್ತರ ಇತ್ತ್. ಇದ್ 'ದೊಡ್ಡ ಸುತ್ತಿಗೆತಲೆ' ಅಂಬ ಬೇರೆ ಜಾತಿ, ಓಣಿ ಮರಿಗಳ ದಾಯಾದಿ. ಅವ್ಕೆ ಗುಂಪ್ ಬೇಕ್. ಇದ್ಕೆ ಒಂದೇ ಇದ್ರೇ ಸುಖ."

"ಹಾಂಗಾರೆ ಸಾಯೂದಿಲ್ಯಾ?"

"ಎಂತಕ್ ಸಾಯತ್ತ್? ಚೆಂದ ಬೆಳೀತಾ ಇತ್ತ್."

ಮೂಕಾಂಬು ಅಬ್ಬಾ ಎಂದು ಗೋಡೆಗೊರಗಿದಳು. ಡಾಕ್ಟರ ದೋಣಿ ಹೋದ ಮೇಲೆ ಚಾ ಮಾಡಿ ಮಗಳ ಕೋಣೆಗೆ ಒಯ್ದಳು. ಮಗಳು ಎಂದಿನಂತೆ ಒಬ್ಬಳೇ ಕೂತು ಬಲೆಯ ದಾರದಲ್ಲಿ ಏನೋ ಹೆಣೆಯುತ್ತಾ, ಬೈಗುಳಕ್ಕೆ ಕಾದವಳಂತೆ ತಲೆ ತಗ್ಗಿಸಿದಳು.

ತಾಯಿ ಲೋಟ ಇಟ್ಟು, ಸದ್ದಾಗದಂತೆ ಬಾಗಿಲು ಎಳೆದುಕೊಂಡಳು.