ಮಾತಿಗೆ ಜಾಗ

ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಚಿತ್ರವನ್ನು ಸಿಂಚನಾ ಕಿತ್ತುಕೊಂಡಾಗ ಅವಳಮ್ಮ ಪವಿತ್ರಾ ತಟ್ಟನೆ ತಿರುಗಿ ನೋಡಿದಳು. ಹದಿಮೂರರ ಮಗಳು ಏನು ಕೇಳಿದರೂ "ಉಂ" ಅನ್ನುವುದನ್ನು, ಗೆಳತಿಯ ಫೋನ್ ಬಂದರೆ ಮಾತ್ರ ಅವಳ ಬಾಯಿ ಊರಗಲ ಆಗುವುದನ್ನು ಪವಿತ್ರಾ ಅದರಲ್ಲಿ ನಾಲ್ಕು ಚೌಕಗಳ ವ್ಯಂಗ್ಯಚಿತ್ರವಾಗಿ ಬರೆದಿದ್ದಳು. ಪಿರಿಯಾಪಟ್ಟಣದಿಂದ ಬಂದಿದ್ದ ಚಿಕ್ಕಮ್ಮ ಅದನ್ನು ನೋಡಿ ಬಿದ್ದು ಬಿದ್ದು ನಕ್ಕಿದ್ದರು.

"ಎಲ್ರೂ ನಗ್ಲಿ ಅಂತ ಆಕಿದ್ದಾ?" ಮಗಳು ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಅತಿಯಾಯಿತೇನೋ ಎಂದುಕೊಳ್ಳುತ್ತ ಪವಿತ್ರಾ ಅವರೆಕಾಯಿ ಬಿಡಿಸುತ್ತ ಕೂತಳು.

ಸ್ವಲ್ಪ ಹೊತ್ತಿಗೆ ಸಿಂಚನಾ ಹೊರಬಂದು ತಾನು ಬರೆದ ಚಿತ್ರವೊಂದನ್ನು ಅಮ್ಮನ ಮುಂದಿಟ್ಟಳು. ಸೆರಗು ಸಿಕ್ಕಿಸಿದ ಹೆಂಗಸಿನ ಬಾಯಿಂದ "ಉಂಡ್ಯಾ? ಟೆಸ್ಟ್ ಏನಾಯ್ತು? ಯೂನಿಫಾರಂ ಬಿಚ್ಚು, ತಲೆ ಯಾಕಂಗದೆ?" ಎಂದು ಮಾತು ಚೌಕದ ತುಂಬ ಹರಿದಿತ್ತು. ಮೂಲೆಯಲ್ಲಿ ಚೋಟುದ್ದದ ಹುಡುಗಿ ಬಾಯಿ ತೆರೆದು ನಿಂತಿದ್ದಳು. ಅವಳ ಮಾತು ಬರೆಯಲು ಜಾಗವೇ ಉಳಿದಿರಲಿಲ್ಲ.

ಪವಿತ್ರಾ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಲ್ಲ ಕಣೇ, ಮತ್ತೆ ನೀನು..." ಎಂದು ಶುರುಮಾಡಿದವಳು ಅಲ್ಲಿಗೇ ಬಾಯಿ ಮುಚ್ಚಿ, ಮೊರವನ್ನು ಪಕ್ಕಕ್ಕೆ ಸರಿಸಿದಳು. ಸಿಂಚನಾ ಅಲ್ಲಿ ಕೂತು ಒಂದು ಅವರೆಕಾಯಿ ಎತ್ತಿಕೊಂಡಳು.

"ಅಮ್ಮಾ, ಇವತ್ತು ಸ್ಕೂಲಲ್ಲಿ ಏನಾಯ್ತು ಗೊತ್ತಾ?"