ಗುರುತು ಹೇಳುವ ಕೋಣೆ

ಹುಬ್ಬಳ್ಳಿಯ ಆ ಆಸ್ಪತ್ರೆಯಲ್ಲಿ ಎಕ್ಸ್‌ರೇ ಕೋಣೆಯ ಪಕ್ಕದಲ್ಲೇ ಗುರುತು ಹೇಳುವ ಕೋಣೆಯಿತ್ತು. ಕೆಲವು ಬಸುರಿಯರ ರಕ್ತದಲ್ಲಿರುವ ಪ್ರತಿಕಾಯಗಳು ಕೂಸನ್ನು ಹೊರಗಿನದೆಂದು ತಿಳಿದು ರಕ್ತವನ್ನು ಹೆಪ್ಪುಗಟ್ಟಿಸಿಬಿಡುತ್ತವೆ. ಹಾಗಾಗದಂತೆ ಮನೆಯ ಹಿರಿಯರು ಬಸುರಿಯ ಮಣಿಕಟ್ಟಿನ ಬಳಿ ಬಾಯಿ ತಂದು ಕೂಸಿನ ಗುರುತು ಹೇಳಬೇಕು. ಹಿರಿಯರ ದನಿಯನ್ನಷ್ಟೇ ಅವು ಕೇಳುತ್ತವೆ.

ಶಾಂಭವಿಯ ಹಿಂದಿನ ಎರಡು ಬಸಿರಿನಲ್ಲೂ ಅತ್ತೆ ನೀಲಗಂಗವ್ವ ಈ ಕೋಣೆಗೆ ಬಂದಿರಲಿಲ್ಲ. ಮೂರು ತಿಂಗಳು ತುಂಬುವ ತನಕ ಬಸಿರಿನ ಸುದ್ದಿ ಬಾಯಿಬಿಡಬಾರದೆಂಬುದು ಅವರ ಮನೆಯ ಪದ್ಧತಿ. ಎರಡು ಬಸಿರೂ ಮೂರು ತಿಂಗಳು ಮುಟ್ಟಲಿಲ್ಲ. ಹುಟ್ಟದೇ ಹೋದದ್ದಕ್ಕೆ ಅಳಬಾರದು ಎಂದಿದ್ದರು ಅತ್ತೆ.

ಈ ಸಲ ಅವರೇ ಮುಂದಾಗಿ ಸೊಸೆಯನ್ನು ಕರೆತಂದಿದ್ದರು.

"ಮೆಲ್ಲಕ ಹೇಳಿದ್ರ ಕೇಳಸ್ತೈತೇನವಾ? ಹೊರಗ ಮಂದಿ ಅದಾರ," ಎಂದು ನರ್ಸನ್ನು ಕೇಳಿದರು.

"ಮೆಲ್ಲಕ ಹೇಳಿದ್ರೂ ನಡೀತೈತ್ರಿ ಅಮ್ಮಾ."

ನೀಲಗಂಗವ್ವ ಶಾಂಭವಿಯ ಕೈಯನ್ನು ಬಾಯಿಯ ಹತ್ತಿರ ಎಳೆದುಕೊಂಡು ಪಿಸುಗುಟ್ಟಿದರು. "ಇದು ನಮ್ಮ ಮನಿ ಕೂಸು. ಇರಾಕ ಬಂದೈತಿ, ಮುಟ್ಟಬ್ಯಾಡ್ರಿ."

"ಅಷ್ಟ ಸಾಕ್ರಿ," ಎಂದಳು ನರ್ಸ್.

ನೀಲಗಂಗವ್ವ ಕೈ ಬಿಡಲಿಲ್ಲ.

"ಮೊದಲ ಬಂದಿದ್ದ ಎರಡೂ ನಮ್ಮವ ಇದ್ದವು," ಎಂದರು, ಹೊರಗಿನ ಮಂದಿಗೂ ಕೇಳುವಂತೆ.